ಮೂವತ್ತನೇ ಕಿಲೋಮೀಟರಿನವರೆಗೆ

ಬೆಳಗಿನ ಐದಕ್ಕೆ ನೀಲಗಿರಿ ತೋಪಿನಲ್ಲಿ
ಕತ್ತೆಕಿರುಬಗಳು ಇನ್ನೂ ಮನೆಗೆ ಹೋಗಿರುವುದಿಲ್ಲ.
ಅದಕ್ಕೇ ಇಬ್ಬಿಬ್ಬರಾಗಿ ಓಡುತ್ತಿದ್ದೆವು.
ಕೋಚ್ ಕೇಳಿದರೆ ಹೇಳಲು ಅದೊಂದು ಕಾರಣ.

ತ್ಸೆಗಾಬ್ ಮುಂದೆ, ನಾನು ಹಿಂದೆ,
ಅವನ ಹಿಮ್ಮಡಿಯ ಮೇಲೇ ನನ್ನ ಕಣ್ಣು.
ಕಲ್ಲು ಕಂಡರೆ ಒಂದು ಚಿಟಿಕೆ ಹೊಡೆಯುತ್ತಿದ್ದ,
ಹಳ್ಳಕ್ಕೆ ಎರಡು.
ಬೇರೆ ಮಾತು ಬೇಕಿರಲಿಲ್ಲ.
ರಾತ್ರಿಯೆಲ್ಲ ಇಗರ್ಜಿಯಲ್ಲಿ ಕೋಲೂರಿ ನಿಂತು
ಹಾಡಿ ಬಂದಿರುತ್ತಿದ್ದ, ಏಳು ವರ್ಷದಿಂದ ಡೀಕನ್ ಅವನು;
ಬೆವರಿದರೆ ಸಾಂಬ್ರಾಣಿ ನಾರುತ್ತಿತ್ತು.

ನಮ್ಮ ಇಥಿಯೋಪಿಯಾದ ವರ್ಷಕ್ಕೆ ಹದಿಮೂರು ತಿಂಗಳು.
ಕಡೆಯದಕ್ಕೆ ಐದೇ ದಿನ:
ಸಂಬಳವಿಲ್ಲ, ಬಾಡಿಗೆಯಿಲ್ಲ, ಯಾವ ಲೆಕ್ಕಕ್ಕೂ ಸೇರದು.
ಆಗ ಬೀಳುವ ಮಳೆ ತೀರ್ಥವಂತೆ,
ಮಕ್ಕಳು ಬತ್ತಲೆ ಬೀದಿಗಿಳಿಯುತ್ತವೆ.
ನಾವೂ ಬಾರ್ಲಿ ಹೊಲದ ಬದುವಿನಾಚೆ
ಮೈಗಂಟಿದ ಬನಿಯನ್ನು ಬಿಚ್ಚಿದೆವು.
ಅವನ ಕೊರಳಲ್ಲಿ ಕೂಸಾಗಿದ್ದಾಗ ಕಟ್ಟಿದ ಕಪ್ಪು ದಾರ,
ದಾರದಲ್ಲಿ ಮರದ ಶಿಲುಬೆ.
ಅದನ್ನು ಬೆನ್ನಿನ ಕಡೆಗೆ ತಿರುಗಿಸಿಕೊಂಡ.
ದೇವರು ನೋಡದಿರಲೆಂದೋ,
ನನ್ನೆದೆಗೆ ಚುಚ್ಚದಿರಲೆಂದೋ,
ಕೇಳಲಿಲ್ಲ.

ಹೊಸ ವರ್ಷಕ್ಕೆ ಅವನು ತೀರ್ಥದ ಬುಗ್ಗೆಗೆ ಹೋಗಿ
ನೆತ್ತಿಯ ಮೇಲೆ ಏಳು ಕೊಡ ಸುರಿಸಿಕೊಂಡು ಬಂದ.
ಭೂತ ಬಿಟ್ಟಿತೇ, ಅಂದೆ.
ನೆಗಡಿ ಹಿಡಿಯಿತು, ಅಂದ.
ನಕ್ಕೆವು. ಆಮೇಲೆ ಅವನು ನಗಲಿಲ್ಲ.

ನನಗೂ ದೇವರಿದ್ದಾನೆ.
ಆದರೆ ನನ್ನ ಹರಕೆಯೆಲ್ಲ ಒಂದೇ ಅಂಕೆಯಲ್ಲಿತ್ತು:
ಎರಡು ಗಂಟೆ ಏಳು ನಿಮಿಷ.
ಅದರೊಳಗೆ ಓಡಿ ಬಂದವನನ್ನು ಊರು ಏನೂ ಕೇಳುವುದಿಲ್ಲ,
ಇನ್ನೂ ಯಾಕೆ ಮದುವೆಯಿಲ್ಲ ಅಂತಲೂ.
ಹಾಗೆಂದು ನಂಬಿದ್ದೆ.

ಹ್ಯಾನೋವರ್, ಏಪ್ರಿಲ್.
ಐವತ್ತೈದು ದಿನದ ಉಪವಾಸ ಮುಗಿದಿರಲಿಲ್ಲ.
ನನ್ನದು ಗೆಲ್ಲುವ ಕರಾರು, ಅವನದು ವೇಗ ಕೊಡುವ ಕರಾರು:
ಮೂವತ್ತನೇ ಕಿಲೋಮೀಟರಿನವರೆಗೆ
ನನ್ನ ಪಾಲಿನ ಗಾಳಿಗೆ ಎದೆಯೊಡ್ಡಬೇಕು,
ಆಮೇಲೆ ಪಕ್ಕಕ್ಕೆ ಸರಿಯಬೇಕು.
ಮೊಟ್ಟೆ ತಿನ್ನು ಮಾರಾಯ, ಅಂದೆ,
ದೇವರು ಜರ್ಮನಿಯವರೆಗೆ ಬರುವುದಿಲ್ಲ.
ಅವನು ಚೀಲದಿಂದ ಹುರಿದ ಬಾರ್ಲಿ ತೆಗೆದ.
ನಾವು ಬಂದಿಲ್ಲವೇ, ಅಂದ.

ಆ ರಾತ್ರಿ ಎರಡು ಮಂಚಗಳ ನಡುವೆ
ಅವನ ಕೈ ಚಾಚಿಕೊಂಡೇ ಇತ್ತು.
ನಾನು ನಾಳೆಯ ಕಾಲುಗಳನ್ನು ನೆನೆದು
ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದೆ.

ಇಪ್ಪತ್ತಾರಕ್ಕೆ ಅವನ ಹೆಜ್ಜೆಯ ತಾಳ ತಪ್ಪಿತು.
ಪಕ್ಕಕ್ಕೆ ಸರಿಯಲಿಲ್ಲ, ಅಲ್ಲೇ ನಡುರಸ್ತೆಯಲ್ಲಿ ಕುಸಿದ,
ಕುಸಿಯುತ್ತ ಚಿಟಿಕೆ ಹೊಡೆದ,
ಒಂದೇ ಸಲ:
ಕಲ್ಲಿದೆ, ದಾಟು.
ದಾಟಿದೆ.

ಎರಡು ಗಂಟೆ ಆರು ನಿಮಿಷ ಐವತ್ತೆಂಟು ಸೆಕೆಂಡು.
ಗೆರೆಯಾಚೆ ಮಂಡಿಯೂರಿ
ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡೆ.
ಆ ಫೋಟೋ ಊರಿನ ಚಹಾದಂಗಡಿಯಲ್ಲಿ ಈಗಲೂ ತೂಗುತ್ತಿದೆ.
ಕೃತಜ್ಞತೆ ಅಂದುಕೊಂಡಿದ್ದಾರೆ.

ಪಾದ್ರಿಯಾಗುವವನು ಮೊದಲು ಮದುವೆಯಾಗಿರಬೇಕು.
ಆದ. ಹುಡುಗಿ ಯೆಶಿಹರೆಗ್, ಒಳ್ಳೆಯವಳು,
ಅದೇ ನನಗೆ ಕಷ್ಟವಾದದ್ದು.
ಉಡುಗೊರೆಗೆ ಫ್ರಿಜ್ ಕಳಿಸಿದೆ.
ವಾರಕ್ಕೆ ಎರಡು ದಿನ ಕರೆಂಟು ಬರುವ ಮನೆಯಲ್ಲಿ
ಅದರೊಳಗೆ ಪೂಜೆಯ ಬಟ್ಟೆ ಇಡುತ್ತಾರಂತೆ,
ಇಲಿ ಹೊಗದ ಹಾಗೆ.

ಕಳೆದ ಭಾನುವಾರ ಸಾಲಿನಲ್ಲಿ ನಿಂತೆ.
ಬಿಳಿ ರುಮಾಲು, ಸ್ವಲ್ಪ ಹೊಟ್ಟೆ ಕೂಡ ಬಂದಿದೆ,
ಹೆಬ್ಬೆರಳು ಮಾತ್ರ ಅದೇ.
ಕೈಶಿಲುಬೆಯನ್ನು ನನ್ನ ಹಣೆಗೆ ಮುಟ್ಟಿಸಿದ,
ಆಮೇಲೆ ತುಟಿಗೆ.
ಎಲ್ಲರಿಗೂ ಕೊಡುವಷ್ಟೇ ಹೊತ್ತು.
ನನ್ನ ಹಿಂದೆ ಮುದುಕಿಯೊಬ್ಬಳು ಕೆಮ್ಮುತ್ತಿದ್ದಳು.
ಆಶೀರ್ವಾದದ ದನಿಯಲ್ಲೇ ಕೇಳಿದ:
ಹತ್ತು ಕಿಲೋಮೀಟರು ಈಗ ಎಷ್ಟಕ್ಕೆ?

ಇಪ್ಪತ್ತೊಂಬತ್ತಕ್ಕೆ, ಅಂದೆ.

ಸುಳ್ಳು. ಮಳೆಗಾಲದಿಂದ ನಾನು ಓಡಿಲ್ಲ.
ಏಜೆಂಟನಿಗೆ ಮಂಡಿ ನೋವೆಂದು ಹೇಳಿದ್ದೇನೆ.